ಯಾವ ಪುಸ್ತಕದಲ್ಲೂ ಇಲ್ಲದ್ದು

ಗುರುಪಾದ ರಟ್ಟಿನಲ್ಲಿ ಮಾಡಿದ ಘನಾಕೃತಿಯನ್ನು ಟವೆಲಿನಲ್ಲಿ ಸುತ್ತಿಕೊಂಡು, ತನಗೆ ಗಣಿತ ಕಲಿಸಿದ ಶಿಕ್ಷಕಿ ಬಾಯಾರ ಮನೆಗೆ ತಂದಿದ್ದ. ತ್ರಿಕೋನ, ಚೌಕ, ಪಂಚಕೋನಗಳೆಲ್ಲ ಸೇರಿದ ಆಕೃತಿ ಅದು. ಎಲ್ಲ ಅಂಚುಗಳದೂ ಒಂದೇ ಅಳತೆ, ಎಲ್ಲೂ ಕೂದಲೆಳೆಯಷ್ಟು ಸಂದಿಲ್ಲ. ಇಂಥದ್ದು ಯಾವ ಪುಸ್ತಕದಲ್ಲೂ ಇಲ್ಲವೆಂದು ಅವನು ನೂರು ಸಲ ನೋಡಿಕೊಂಡಿದ್ದ.

ಬಾಯಾರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದೊಂದೇ ಅಂಚಿನ ಮೇಲೆ ಉಗುರು ಎಳೆದರು.

“ಯಾರಿಗರ ತೋರಿಸೀಯೇನು?”

“ಇಲ್ರೀ. ನಾಳೆ ಗಣಿತ ಸಮ್ಮೇಳನದಾಗ ತೋರಸ್ತೀನಿ.”

“ಬ್ಯಾಡ. ಇಲ್ಲೇ ಬಿಟ್ಟು ಹೋಗು.”

ಗುರುಪಾದನಿಗೆ ಮೈಯೆಲ್ಲ ಉರಿದುಹೋಯಿತು. ಹದಿನಾಲ್ಕು ತಿಂಗಳು ಕತ್ತರಿ ಹಿಡಿದು ಅವನ ಹೆಬ್ಬೆರಳು ಜಡ್ಡುಗಟ್ಟಿತ್ತು.

“ಯಾಕ್ರೀ? ನಿಮ್ಮ ಹೆಸರು ಹಾಕ್ಕೋಳಾಕೇನು?”

ಬಾಯಾರು ಅದನ್ನು ಕೆಳಗಿಟ್ಟು ಎದ್ದು ಒಳಗೆ ಹೋದರು. ಅವನು ಆಕೃತಿಯನ್ನು ಎದೆಗವಚಿಕೊಂಡು ಬಾಗಿಲ ಕಡೆ ಸರಿದ. ಒಳಗೆ ಟ್ರಂಕು ಎಳೆದ ಸದ್ದಾಯಿತು.

ಹೊರಗೆ ಬಂದಾಗ ಅವರ ಎರಡೂ ಕೈ ತುಂಬಿದ್ದವು. ಬಲಗೈಯಲ್ಲಿ ಇದ್ದದ್ದು ಅವನದರಂಥದೇ ರಟ್ಟಿನ ಆಕೃತಿ. ಅದು ಹಳದಿಗಟ್ಟಿತ್ತು, ಮೇಲೆ ಬರೆದ ತಾರೀಖು ಅವನು ಹುಟ್ಟುವುದಕ್ಕಿಂತ ಹಿಂದಿನದು.

“ನಾನೂ ಸಮ್ಮೇಳನಕ್ಕ ಒಯ್ದಿದ್ದೆ,” ಎಂದರು ಬಾಯಾರು. “ಎಲ್ಲಾರೂ ಚಪ್ಪಾಳಿ ಹೊಡದ್ರು. ಹಿಂದ ಕುಂತಿದ್ದ ಒಬ್ಬಾಂವ ಮಾತ್ರ, ‘ರಟ್ಟು ಗೊತ್ತಾಗಧಂಗ ಬಾಗಿ ಕೂಡ್ತದ ಬಾಯಾರ, ದಪ್ಪ ತಗಡಿನಾಗ ಮಾಡಿ ತೋರಸ್ರಿ’ ಅಂದ.”

ಎಡಗೈಯಲ್ಲಿದ್ದ ತಗಡಿನ ಆಕೃತಿಯನ್ನು ಅವರು ಅವನ ಮುಂದಿಟ್ಟರು. ಅದರ ಕೊನೆಯ ಅಂಚಿನಲ್ಲಿ, ಮತ್ತೆ ಮತ್ತೆ ಬೆಸೆದು ಬಿಚ್ಚಿದ ಗುರುತುಗಳ ನಡುವೆ, ಎಳ್ಳುಕಾಳು ತೂರುವಷ್ಟು ಸಂದು ಹಾಗೆಯೇ ಉಳಿದಿತ್ತು.