ಕದ್ದ ಉಂಡೆ

ಜಗಲಿಯಲ್ಲಿ ತಟ್ಟೆ ಟಣ್ ಎಂದಾಗ ನಡುರಾತ್ರಿ ಕಳೆದಿತ್ತು. ಫುಮಿಯೊ ಬಾಗಿಲು ಸರಿಸಿ ನೋಡಿದಳು. ಹುಣ್ಣಿಮೆಯ ಚಂದ್ರನಿಗೆಂದು ಅವಳು ಪೇರಿಸಿಟ್ಟಿದ್ದ ಅಕ್ಕಿಹಿಟ್ಟಿನ ಉಂಡೆಗಳಲ್ಲಿ ಒಂದು ಮಾಯವಾಗಿತ್ತು. ಇನ್ನೊಂದು ಬಿದಿರುಕೋಲಿನ ತುದಿಯ ಮೊಳೆಗೆ ಸಿಕ್ಕಿ ಅಂಗಳದತ್ತ ಹೋಗುತ್ತಿತ್ತು. ಈ ರಾತ್ರಿ ಮಕ್ಕಳು ಉಂಡೆ ಕದ್ದರೆ ಮನೆಗೆ ಒಳ್ಳೆಯದೆಂಬ ನಂಬಿಕೆ, ಯಾರೂ ಗದರುವುದಿಲ್ಲ. ಆದರೆ ಕೋಲು ಹಿಡಿದು ನಿಂತಿದ್ದವರು ಎಂಬತ್ತೆರಡು ದಾಟಿದ ಅವಳ ಅತ್ತೆ, ಶಿಗೆ.

ಅತ್ತೆಗೆ ಅರಳುಮರುಳು ಶುರುವಾಗಿದೆಯೆಂದು ಗಂಡನಿಗೆ ಅನುಮಾನ. ಅವರು ವಿಚಿತ್ರವಾಗಿ ಏನು ಮಾಡಿದರೂ ಬರೆದಿಡು, ಡಾಕ್ಟರಿಗೆ ತೋರಿಸಿ ವೃದ್ಧಾಶ್ರಮದ ವಿಷಯ ತೀರ್ಮಾನಿಸೋಣ ಎಂದು ಅವಳ ಕೈಗೊಂದು ಪುಸ್ತಕ ಕೊಟ್ಟಿದ್ದ.

"ಶ್! ಯಾರ ಮನೆ ಹುಡುಗಿಯೇ ನೀನು?" ಅತ್ತೆ ಕೋಲನ್ನು ಅವಳ ಬಾಯಿಯ ಹತ್ತಿರ ಚಾಚಿದರು. "ಮನೆಯವಳು ಏಳೋದ್ರೊಳಗೆ ತಿಂದ್ಬಿಡು. ಮಹಾ ಸಿಡುಕಿ ಅವಳು."

ಫುಮಿಯೊ ಏನೂ ತೋಚದೆ ಉಂಡೆ ಕಚ್ಚಿದಳು.

"ಹೋದ ವರ್ಷದ್ದು ಬರೀ ಕಲ್ಲು. ನನ್ನ ಹಲ್ಲಿನ ಸೆಟ್ಟೇ ಮುರಿದಿತ್ತು. ಈ ಸಲ ಪರವಾಗಿಲ್ಲ, ಕಲಿತಿದ್ದಾಳೆ."

ಹೋದ ವರ್ಷದ ಉಂಡೆ ನೆನಪಿದೆ. ಎದುರಿಗಿರುವ ಸೊಸೆ ಮರೆತುಹೋದಳೇ? ಅಥವಾ ಇದು ಆಟವೇ? ಬೆಳದಿಂಗಳಲ್ಲಿ ಆ ಮುಖವನ್ನು ಎಷ್ಟು ನೋಡಿದರೂ ಗೊತ್ತಾಗಲಿಲ್ಲ.

ಬೆಳಿಗ್ಗೆ ಗಂಡ ಪುಸ್ತಕ ತೆರೆದ. "ಏನೂ ಬರೆದಿಲ್ಲವಲ್ಲೇ. ಉಂಡೆ ಬೇರೆ ಎರಡು ಕಮ್ಮಿ ಇದೆ. ರಾತ್ರಿ ಯಾರು ಬಂದಿದ್ರು?"

ಅತ್ತೆ ತಲೆ ಎತ್ತದೆ ಚಹಾ ಊದುತ್ತಿದ್ದರು. ಯಾರಿಗೂ ಹೇಳುವುದಿಲ್ಲ ಎಂದು ಫುಮಿಯೊ ಆ ಕ್ಷಣದಲ್ಲೇ ನಿರ್ಧರಿಸಿದಳು.

"ಇಬ್ಬರು ಹುಡುಗೀರು," ಎಂದಳು.