ಕಿವಿಗೆ ಹಾಕಿದ ಹನಿ

ಬೆಳಗಾದರೆ ನೀಲವ್ವ ಕಿವಿಗೆ ಹಾಕುವ ಔಷಧದ ಸಣ್ಣ ಶೀಶೆಯೊಂದನ್ನು, ಮೈಬಿಸಿಗೆ ಬೆಚ್ಚಗಾಗಲೆಂದು, ಅಂಗೈಯಲ್ಲಿ ಮುಚ್ಚಿಕೊಂಡು ಕೂರುತ್ತಿದ್ದಳು. ಅದರೊಳಗಿನ ಕೊಬ್ಬಿನ ಕಣಗಳು ಪ್ರೋಟೀನು ಹೊತ್ತು ಕಿವಿಯ ಜೀವಕೋಶಗಳಿಗೆ ಇಳಿದರೆ, ಕಿವುಡನಾದ ಗಂಡ ಶೇಖಪ್ಪನಿಗೆ ಸಂಜೆಯವರೆಗೆ ಕೇಳಿಸುತ್ತಿತ್ತು. ಮೈಬಿಸಿಗಿಂತ ಹೆಚ್ಚು ಕಾವು ತಗಲಿದರೆ ಮಾತ್ರ ಹನಿ ಕೆಟ್ಟಂತೆಯೇ.

ಅವತ್ತು ಅವಳು ಹಳೆಯ ರೂಢಿಯಲ್ಲಿ, ಬೆಳ್ಳುಳ್ಳಿ ಎಣ್ಣೆ ಕಾಯಿಸುವ ಹಾಗೆ, ಹನಿಯನ್ನು ಸೌಟಿಗೆ ಸುರಿದು ಒಲೆಗೆ ಹಿಡಿದುಬಿಟ್ಟಳು. ತಪ್ಪು ತಿಳಿದದ್ದು ಅದನ್ನು ಆರಿಸಿ ಕಿವಿಗೆ ಹಾಕಿದ ಮೇಲೆ.

"ಕೇಳಸ್ತೈತೇನ್ರೀ?" ಎಂದಳು ಅಳುಕುತ್ತ.

ಅವಳ ಮುಖ ನೋಡಿದ ಶೇಖಪ್ಪ, "ಛಲೋ ಕೇಳಸ್ತೈತಿ ಬಿಡು" ಎಂದ.

ನಂಬಿಕೆ ಬರಲಿಲ್ಲ. ಈ ಸಲ ದನಿ ಹೊರಡಿಸದೆ ಬರೀ ತುಟಿ ಆಡಿಸಿದಳು: "ಚಹಾ ಮಾಡ್ಲೇನ್ರೀ?"

"ಮಾಡು" ಎಂದು ನಕ್ಕ ಶೇಖಪ್ಪ. "ಇವತ್ತ ನಿನ್ನ ದನಿ ಭಾಳ ಇಂಪೈತಿ."