ಸೇವಾದಿಂದ ಬಂದ ಫೋನು

ಅಪ್ಪಿಯನ್ನು ಕಂಡದ್ದೇ ತಡ, ನಿಖಿತಾಳ ಕೈಯಿಂದ ಹೂವಿನ ಹರಿವಾಣ ಜಾರಿ ಹೊಸ ಕಟ್ಟಡದ ಮೆಟ್ಟಿಲ ಮೇಲೆ ಉರುಳಿತು. ಸೇವಂತಿಗೆಯ ಎಸಳುಗಳು ಚೆಲ್ಲಾಪಿಲ್ಲಿಯಾದವು. ಹೆಕ್ಕಲು ಬಗ್ಗಿದವಳು ಅಪ್ಪಿ. ಹಾಸ್ಟೆಲಿನಲ್ಲಿ ಅವಳ ಪಕ್ಕದ ಮಂಚದವಳಾದ ನಿಖಿತಾ ಕಂಬಕ್ಕೆ ಬೆನ್ನು ಹಚ್ಚಿ ನಿಂತಿದ್ದಳು.

“ನೀನ್... ನೀನ್ ಎಂತಕ್ ಬಂದೆ?”

“ಬರ್ದೆ ಎಂತ ಮಾಡುದ್? ನನ್ ಮಂಚ ಇತ್ತಾ, ಬೇರೆಯೋರಿಗೆ ಕೊಟ್ರಾ?”

“ನಿನ್ ಸಾಮಾನ್ ಯಾರೂ ಮುಟ್ಲಿಲ್ಲೆ ಮಾರಾಯ್ತಿ. ಎಲ್ಲ ಕಟ್ಟಿ ಇಟ್ಟಿತ್. ನಾನ್ ನಿಂಗೆ ಎಂತದೂ ಮಾಡ್ಲಿಲ್ಲೆ!” ಎಂದವಳೇ ನಿಖಿತಾ ತಿರುಗಿ ನೋಡದೆ ಓಡಿದಳು.

ಅಪ್ಪಿಗೆ ಬೇಸರವಾಯಿತೇ ಹೊರತು ಆಶ್ಚರ್ಯವಾಗಲಿಲ್ಲ. ಕಾಮಾಲೆಯ ಭಯ ಎಂಥವರನ್ನೂ ಓಡಿಸುತ್ತದೆ. ಅವಳ ಕಣ್ಣಿನ ಹಳದಿ ಇನ್ನೂ ಪೂರ್ತಿ ಇಳಿದಿರಲಿಲ್ಲ. ಬ್ರಹ್ಮಾವರಕ್ಕೆ ಬರುವ ಬಸ್ಸಿನಲ್ಲೂ ಪಕ್ಕದವರು ಸರಿದು ಕುಳಿತಿದ್ದರು. ಮನೆಯಲ್ಲಾದರೆ ‘ಅಪ್ಪೀ’ ಎಂದು ಹಣೆ ಮುಟ್ಟಿ ನೋಡುವವರಿದ್ದರು. ಅವಳಿಗೆ ಇಟ್ಟದ್ದು ಅಜ್ಜಿಯ ಹೆಸರು. ಅತ್ತೆಯ ಹೆಸರನ್ನು ಬಾಯಲ್ಲಿ ಆಡದ ಸೊಸೆಯ ನಾಲಿಗೆ ಅದನ್ನು ಅಪ್ಪಿ ಮಾಡಿತ್ತು. ಇಲ್ಲಿ ಹಾಗೆ ಕರೆಯುವವರು ಯಾರೂ ಇರಲಿಲ್ಲ.

ವಿಶ್ವವಿದ್ಯಾಲಯಕ್ಕೆ ಸೇರಿ ತಿಂಗಳು ತುಂಬುವ ಮೊದಲೇ ಹಿಡಿದ ಕಾಯಿಲೆ. ಬಿಜೂರಿನ ಮನೆಯಲ್ಲಿ ಚಾಪೆ, ಹಳ್ಳಿಮದ್ದು, ಉಪ್ಪಿಲ್ಲದ ಗಂಜಿ. ಅವಳ ಫೋನು ಬಾವಿಗೆ ಬಿದ್ದು ಹೋಗಿತ್ತು. ಎದ್ದು ನಡೆಯುವಷ್ಟಾಗುವ ಹೊತ್ತಿಗೆ ತರಗತಿಯ ಹಾಜರಿ ತುಂಬಿಸಿಕೊಳ್ಳುವ ಕಾಲ ಮೀರಿತ್ತು. ಪರೀಕ್ಷೆಗೆ ಕೂರಲು ವಿಶೇಷ ಅನುಮತಿ ಬೇಕು. ಅದನ್ನು ಕೇಳಲು ಇಂದೇ ಕಡೆಯ ದಿನ. ಸಿಗದಿದ್ದರೆ ಸೀಟು ಹೋಯಿತು. ಸೀಟು ಹೋದರೆ ಗೇರುಬೀಜದ ಕಾರ್ಖಾನೆ. ಅಪ್ಪ ಕರಿಯ ಅಲ್ಲಿ ಆಗಲೇ ಮಾತಾಡಿಟ್ಟಿದ್ದ.

ಬೆಳಿಗ್ಗೆ ಬಸ್ಸು ಹತ್ತಿಸಲು ಬಂದಿದ್ದ ತಾಯಿ ತನ್ನ ಹಳೆಯ ಫೋನನ್ನು ಮಗಳ ಕೈಯಲ್ಲಿಟ್ಟು ಎಚ್ಚರಿಸಿದ್ದಳು: “ಸೊಸೈಟಿಯವ್ರ್ ಫೋನ್ ಮಾಡ್ರೆ ಎತ್ಬೇಡ ಕಾಣ್. ಮೊನ್ನೆ ‘ಸೇವಾದಿಂದ’ ಅಂದ್ಕಂಡ್ ಒಬ್ಳ್ ಅತ್ತೆ ಹೆಸ್ರ್ ಹೇಳಿ ಕೇಂಡ್ಲ್. ಅವ್ರ್ ತೀರ್ಕಂಡ್ರ್ ಅಂದೆ. ಅಯ್ಯೋ ದೇವ್ರೇ ಅಂದ್ಹೇಳಿ ಗಂಟ್ಲ್ ಕಟ್ಟಿತ್ ಅವ್ಳಿಗೆ. ಅತ್ತೆ ಹೋದಾಗ ನಾನೇ ಅಷ್ಟ್ ಅಳ್ಲಿಲ್ಲೆ!”

ಊರಿನ ಸೇವಾ ಸಹಕಾರಿ ಸಂಘದಲ್ಲಿ ಅಜ್ಜಿ ಸದಸ್ಯೆಯಾಗಿದ್ದಳು. ಸತ್ತ ಮೇಲೂ ಅವಳನ್ನು ವಿಚಾರಿಸುವವರಿದ್ದಾರಲ್ಲ ಎಂದು ಅಪ್ಪಿ ನಕ್ಕಿದ್ದಳು. ಕಾಯಿಲೆ ಬಿದ್ದ ಮೇಲೆ ಅದೇ ಮೊದಲ ನಗು.

ಈಗ ನಗು ಬರಲಿಲ್ಲ. ‘ವಿದ್ಯಾರ್ಥಿ ಸೇವಾ ಭವನ’ದ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಒಳಗೆ ಬಣ್ಣದ ವಾಸನೆ ಆರಿರಲಿಲ್ಲ. ಗಾಜಿನ ಕೌಂಟರಿನ ಹಿಂದೆ ಗುಮಾಸ್ತ ಶ್ರೀಶ ಒಬ್ಬನೇ ಕುಳಿತಿದ್ದ. ಅಪ್ಪಿ ತನ್ನ ನೋಂದಣಿ ಸಂಖ್ಯೆ ಹೇಳಿದಳು. ಕಂಪ್ಯೂಟರು ನೋಡಿದವನ ಮುಖ ಬಾಡಿತು.

“ಮನೆಯಿಂದ ಬಂದದ್ದಾ?”

“ಹೌದ್ ಸರ್, ಮನೆಯಿಂದ್ಲೇ. ಬಿಜೂರ್.”

“ಸರ್ಟಿಫಿಕೇಟ್ ಎಲ್ಲ ವಾಪಾಸ್ ಕೊಡ್ತ್. ಅಪ್ಪನೋ ಅಮ್ಮನೋ ಬಂದ್ ಸೈನ್ ಮಾಡ್ಕ್.”

ಅಪ್ಪಿ ಗಾಜಿನ ಹತ್ತಿರಕ್ಕೆ ಸರಿದಳು. “ಹಾಂಗಾರೆ ಹೆಸ್ರ್ ತೆಗ್ದೇ ಹಾಕಿದ್ರ್ಯಾ? ಒಂಚೂರ್ ಸರಿ ಮಾಡುಕೆ ಆತಿಲ್ಯಾ ಸರ್?”

“ಇದನ್ನ್ ಸರಿ ಮಾಡುಕೆ ಯಾರಿಂದ ಆತ್ತ್ ತಂಗಿ?” ಶ್ರೀಶನ ದನಿ ಒದ್ದೆಯಾಗಿತ್ತು. “ದೊಡ್ಡೋರೆಲ್ಲ ಸಭೆಗೆ ಬಂದಿದ್ರ್. ಮುಗ್ದ್ ಮೇಲೆ ಒಂದ್ ಮಾತ್ ಕೇಣಿ. ಈಗ ಹೋಯ್ ಕೂಕಣಿ. ನೀವ್ ಬಂದದ್ ಒಳ್ಳೇದಾಯ್ತ್.”

ಇಷ್ಟು ಮೃದುವಾಗಿ ಅವಳೊಡನೆ ಆ ದಿನ ಯಾರೂ ಮಾತಾಡಿರಲಿಲ್ಲ. ಆ ಮೃದುತನವನ್ನೇ ಭರವಸೆಯೆಂದು ಎಣಿಸಿ ಅವಳು ಸಭಾಂಗಣದ ಕಡೆಯ ಸಾಲಿನಲ್ಲಿ ಹೋಗಿ ಕುಳಿತಳು.

ವೇದಿಕೆಯ ಮೇಲೆ ದೀಪದ ಕಂಬ, ಪಕ್ಕದಲ್ಲಿ ಬಿಳಿ ಬಟ್ಟೆ ಹೊದಿಸಿದ ಚೌಕಟ್ಟು. ಕಟ್ಟಡ ಕಟ್ಟಿಸಿದ ಹಿರಿಯರ ಚಿತ್ರವಿರಬೇಕೆಂದುಕೊಂಡಳು. ಸೀರೆಯುಟ್ಟ ಅಧಿಕಾರಿಣಿಯೊಬ್ಬರು ಮೈಕಿನ ಮುಂದೆ ಬಂದರು.

“ಉದ್ಘಾಟನೆಗೆ ಮೊದಲು, ಈ ವರ್ಷವೇ ನಮ್ಮನ್ನು ಸೇರಿ ಈ ವರ್ಷವೇ ನಮ್ಮನ್ನಗಲಿದ ಒಬ್ಬ ವಿದ್ಯಾರ್ಥಿನಿಗಾಗಿ ಎಲ್ಲರೂ ಎದ್ದು ನಿಲ್ಲಬೇಕು.”

ಕುರ್ಚಿಗಳು ಸದ್ದು ಮಾಡಿದವು. ಅಪ್ಪಿಯೂ ಎದ್ದಳು, ತಲೆ ತಗ್ಗಿಸಿದಳು. ಯಾರ ಮನೆಯ ಮಗಳೋ. ತನ್ನದು ಹೋದರೆ ಒಂದು ಸೀಟು. ಆ ತಾಯಿಯ ಪಾಡೇನು? ಕಣ್ಣು ಮುಚ್ಚಿ, ಗುರುತಿಲ್ಲದ ಆ ಹುಡುಗಿಗೆ ಸದ್ಗತಿಯಾಗಲೆಂದು ಮನಸಾರೆ ಬೇಡಿಕೊಂಡಳು. ತನಗಾಗಿ ಬೇಡುವುದು ಆ ಗಳಿಗೆಯಲ್ಲಿ ಸಣ್ಣತನವೆನಿಸಿತು.

“ನಮ್ಮ ಸೇವಾದಿಂದ ಮೊದಲ ಫೋನು ಹೋದದ್ದು ಅವಳ ಮನೆಗೇ,” ಎಂದರು ಅಧಿಕಾರಿಣಿ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. “ಅವಳ ಸೀಟು ಖಾಲಿ ಉಳಿಯಬಾರದೆಂದು, ಕಾಯುತ್ತಿದ್ದ ಇನ್ನೊಬ್ಬ ಹುಡುಗಿಗೆ ಕೊಟ್ಟಿದ್ದೇವೆ. ಇಂದು ದೀಪ ಬೆಳಗುವವಳು ಆಕೆಯೇ.”

ಬಿಳಿ ಬಟ್ಟೆ ಸರಿಯಿತು: ಚೌಕಟ್ಟಿನ ಕೆಳಗೆ ‘ಕುಮಾರಿ ಗೋಮತಿ, ಬಿಜೂರು’ ಎಂದು ಬರೆದಿತ್ತು, ಮಲ್ಲಿಗೆಯ ಹಾರದೊಳಗೆ ಅಪ್ಪಿ ನಗುತ್ತಿದ್ದಳು.